ಮಕ್ಕಳ ಕೈಯಲ್ಲಿ ಫೋನಿಲ್ಲದ ತರಗತಿಗೆ ಯಾವ ಕ್ವಿಜ್ ಆ್ಯಪ್? ನಾನು ಬಳಸಿ ನೋಡಿದ ನಾಲ್ಕು

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ಕನ್ನಡ ಮಾಧ್ಯಮ. ತರಗತಿಯಲ್ಲಿ ಒಂದು ಪ್ರೊಜೆಕ್ಟರ್ ಇದೆ. ಕಂಪ್ಯೂಟರ್ ಕೋಣೆಯಲ್ಲಿ ಇರುವ ಯಂತ್ರಗಳಲ್ಲಿ ಕೆಲವು ನಡೆಯುತ್ತವೆ, ಕೆಲವು ಸುಮ್ನೆ ಕೂತಿವೆ. ಇಂಟರ್ನೆಟ್ ಅಂದ್ರೆ ನನ್ನ ಫೋನಿನ ಹಾಟ್‌ಸ್ಪಾಟ್. ಮಕ್ಕಳು ಶಾಲೆಗೆ ಫೋನ್ ತರುವ ಹಾಗಿಲ್ಲ, ಹೆಚ್ಚಿನವರ ಹತ್ತಿರ ಸ್ವಂತದ್ದು ಇಲ್ಲವೇ ಇಲ್ಲ. ಈ ಹೋಲಿಕೆಯನ್ನು ಅಂಥ ತರಗತಿ ಇರುವವರು ಓದಿದರೆ ಉಪಯೋಗ ಜಾಸ್ತಿ.

ನನಗೆ ಬೇಕಾದದ್ದು ಒಂದೇ. ಪಾಠದ ನಡುವೆ ಯಾರಿಗೆ ಅರ್ಥವಾಗಿಲ್ಲ ಅಂತ ಆಗಲೇ ಗೊತ್ತಾಗಬೇಕು. "ಅರ್ಥ ಆಯ್ತಾ?" ಅಂತ ಕೇಳಿದರೆ "ಆಯ್ತು ಮಿಸ್" ಅಂತ ಇಡೀ ತರಗತಿ ರಾಗವಾಗಿ ಹೇಳುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ, ಎಲ್ಲ ಮೇಷ್ಟ್ರುಗಳಿಗೂ ಗೊತ್ತಿರುವ ಮಾತೇ ಇದು.

ಹೋಲಿಸೋಕೆ ಅಂತ ಎಲ್ಲದರಲ್ಲೂ ಒಂದೇ ಪ್ರಶ್ನೆ ಹಾಕಿದೆ. ಹತ್ತನೇ ತರಗತಿಯ ವಿದ್ಯುತ್ ಪಾಠದ್ದು. ಒಂದೇ ಥರದ ಎರಡು ಬಲ್ಬ್‌ಗಳು ಸರಣಿಯಲ್ಲಿವೆ, ಅಂದರೆ ಒಂದೇ ತಂತಿಯಲ್ಲಿ ಒಂದರ ಹಿಂದೆ ಒಂದು, ಯಾವುದು ಜಾಸ್ತಿ ಬೆಳಗುತ್ತದೆ? ಆಯ್ಕೆಗಳು ನಾಲ್ಕು: ಬ್ಯಾಟರಿಯ ಧನ ತುದಿಗೆ ಹತ್ತಿರದ್ದು, ಋಣ ತುದಿಗೆ ಹತ್ತಿರದ್ದು, ಎರಡೂ ಸಮ, ಎರಡೂ ಬೆಳಗುವುದಿಲ್ಲ. ಸರಣಿಯಲ್ಲಿ ಎಲ್ಲೆಡೆ ಹರಿಯುವ ವಿದ್ಯುತ್ ಪ್ರವಾಹ ಒಂದೇ, ಹಾಗಾಗಿ ಎರಡೂ ಸಮ. ಓಮನ ನಿಯಮವನ್ನು ಬಾಯಿಪಾಠ ಒಪ್ಪಿಸುವ ಮಕ್ಕಳೂ ಇಲ್ಲಿ ಮೊದಲ ಉತ್ತರಕ್ಕೆ ಹೋಗುತ್ತಾರೆ. ಮೊದಲ ಬಲ್ಬ್ ಕರೆಂಟನ್ನು ಒಂದಷ್ಟು "ತಿಂದುಬಿಡುತ್ತದೆ", ಎರಡನೆಯದಕ್ಕೆ ಉಳಿದದ್ದು ಅಂತ ಅವರ ಲೆಕ್ಕ. ಈ ತಪ್ಪು ಹೊರಗೆ ಬರಬೇಕು. ಯಾವ ಆ್ಯಪ್ ಅದನ್ನು ಬೇಗ ಹೊರಗೆ ತರುತ್ತದೆ ಅನ್ನುವುದೇ ನನ್ನ ಅಳತೆ.

ಮೊದಲು ಕಹೂಟ್. ನಾರ್ವೆಯದು, 2013ರಲ್ಲಿ ಬಂದದ್ದು, ತರಬೇತಿಗಳಲ್ಲಿ ಎಲ್ಲರೂ ಮೊದಲು ತೋರಿಸುವುದು ಇದನ್ನೇ. ಪ್ರಶ್ನೆ ದೊಡ್ಡ ಪರದೆಯ ಮೇಲೆ, ಮಕ್ಕಳ ಪರದೆಯಲ್ಲಿ ಬರೀ ನಾಲ್ಕು ಬಣ್ಣದ ಆಕಾರಗಳು. ಸಂಗೀತ, ಎಣಿಕೆ, ಕೊನೆಗೆ ಮೊದಲ ಮೂರು ಸ್ಥಾನದವರಿಗೆ ವೇದಿಕೆ. ಮಕ್ಕಳಿಗೆ ಹುಚ್ಚು ಹಿಡಿಯುವಷ್ಟು ಇಷ್ಟ. ಪಕ್ಕದ ತರಗತಿಯ ಮೇಷ್ಟ್ರು ಬಾಗಿಲಲ್ಲಿ ಬಂದು ನಿಲ್ಲುವಷ್ಟು ಗದ್ದಲ.

ನನ್ನ ತಕರಾರು ಗದ್ದಲದ ಬಗ್ಗೆ ಅಲ್ಲ, ವೇಗದ ಬಗ್ಗೆ. ಬೇಗ ಒತ್ತಿದವರಿಗೆ ಅಂಕ ಜಾಸ್ತಿ. ಬಲ್ಬಿನ ಪ್ರಶ್ನೆಯನ್ನು ಓದಿ, ಮನಸ್ಸಿನಲ್ಲೇ ವಿದ್ಯುತ್ ಮಂಡಲ ಬರೆದುಕೊಂಡು, ಆಮೇಲೆ ಉತ್ತರ ಹೇಳಬೇಕಾದ ಮಗು ಇಲ್ಲಿ ಸೋಲುತ್ತದೆ. ಓದುವುದೇ ನಿಧಾನ ಇರುವ ಮಕ್ಕಳ ಕಥೆ ಕೇಳಲೇಬೇಡಿ. ಪ್ರಶ್ನೆಯ ಸಮಯವನ್ನು ನಾಲ್ಕು ನಿಮಿಷದವರೆಗೂ ಏರಿಸಬಹುದು, ಅಂಕವೇ ಬೇಡ ಅಂತಲೂ ಆರಿಸಿಕೊಳ್ಳಬಹುದು. ಆದರೆ ಹಾಗೆ ಮಾಡಿದಾಗ ಅದರ ಮಜಾವೇ ಹೋಗುತ್ತದೆ, ಮಕ್ಕಳೇ "ಮಿಸ್, ಪಾಯಿಂಟ್ ಹಾಕಿ" ಅಂತ ಹಟ ಮಾಡುತ್ತಾರೆ. ಇನ್ನು ನಮ್ಮಲ್ಲಿ ಒಂದು ಕಂಪ್ಯೂಟರಿಗೆ ಮೂರು ನಾಲ್ಕು ಜನ. ಮೌಸ್ ಯಾರ ಕೈಯಲ್ಲಿ ಇದೆಯೋ ಅವರದ್ದೇ ಉತ್ತರ. ಉಳಿದವರು ಪ್ರೇಕ್ಷಕರು. ಪರೀಕ್ಷೆಗೆ ಮುಂಚೆ ಹೆಸರು, ಏಕಮಾನ, ಸೂತ್ರ ನೆನಪು ಮಾಡಿಸೋಕೆ ಇದು ಚೆನ್ನಾಗಿದೆ. ಅಷ್ಟೇ.

ಎರಡನೆಯದು ಕ್ವಿಜಿಜ್. 2015ರಲ್ಲಿ ನಮ್ಮ ಬೆಂಗಳೂರಲ್ಲೇ ಶುರುವಾದದ್ದು, 2025ರಲ್ಲಿ ವೇಗ್ರೌಂಡ್ ಅಂತ ಹೆಸರು ಬದಲಾಯಿಸಿಕೊಂಡಿದೆ, ಹಳೆಯ ಹೆಸರಲ್ಲಿ ಹುಡುಕಿ ಗಾಬರಿಯಾಗಬೇಡಿ. ಇಲ್ಲಿ ಪ್ರಶ್ನೆ ಪ್ರತಿಯೊಬ್ಬರ ಪರದೆಗೇ ಬರುತ್ತದೆ, ಅವರವರ ವೇಗದಲ್ಲಿ ಮುಂದೆ ಹೋಗುತ್ತಾರೆ, ಪ್ರಶ್ನೆಗಳ ಕ್ರಮವನ್ನೂ ಕಲಸಿಬಿಡಬಹುದು, ಹಾಗಾಗಿ ಪಕ್ಕದವರ ಪರದೆ ನೋಡಿ ಲಾಭವಿಲ್ಲ. ಮನೆಗೆಲಸಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಅಪ್ಪ ಕೆಲಸ ಮುಗಿಸಿ ಬಂದ ಮೇಲೇ ಮನೆಯ ಏಕೈಕ ಫೋನ್ ಮಕ್ಕಳ ಕೈಗೆ ಬರುವುದು. ಗಡುವನ್ನು ಎರಡು ದಿನ ಮುಂದಕ್ಕಿಟ್ಟರೆ ಸುಮಾರು ಜನ ಮುಗಿಸಿರುತ್ತಾರೆ. ಯಾವ ಪ್ರಶ್ನೆಗೆ ತರಗತಿ ಎಡವಿದೆ ಅನ್ನುವ ವರದಿಯೂ ಅಚ್ಚುಕಟ್ಟಾಗಿ ಬರುತ್ತದೆ.

ಆದರೆ ಪಾಠದ ನಡುವೆ? ಒಬ್ಬಳು ಮೂರನೇ ಪ್ರಶ್ನೆಯಲ್ಲಿ, ಇನ್ನೊಬ್ಬ ಏಳರಲ್ಲಿ. ಬಲ್ಬಿನ ಪ್ರಶ್ನೆಯ ಹತ್ತಿರ ಎಲ್ಲರನ್ನೂ ನಿಲ್ಲಿಸಿ "ಯಾಕೆ ಹಾಗೆ?" ಅಂತ ಕೇಳೋಕೆ ಆಗುವುದಿಲ್ಲ. ಶಿಕ್ಷಕರೇ ಒಂದೊಂದಾಗಿ ಮುಂದಕ್ಕೆ ಒಯ್ಯುವ ವಿಧಾನವೂ ಇದರಲ್ಲಿದೆ, ಸರಿ, ಆಗ ಮತ್ತೆ ಪ್ರತಿ ಮಗುವಿಗೂ ಒಂದು ಪರದೆ ಬೇಕು.

ಮೂರನೆಯದು ಗೂಗಲ್ ಫಾರ್ಮ್ಸ್, ಪ್ರಶ್ನೆ ಹಾಕಿ ಉತ್ತರ ತುಂಬಿಸಿಕೊಳ್ಳುವ ಆನ್‌ಲೈನ್ ಫಾರಂ. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೀರಸ, ಆದರೆ ನಂಬಬಹುದು. ಘಟಕ ಪರೀಕ್ಷೆಗೆ ಬಳಸುತ್ತೇನೆ, ಅಂಕ ನೇರ ಶೀಟಿಗೆ ಹೋಗಿ ಕೂರುತ್ತದೆ. ಒಂದು ಉಪಾಯ ಮಾತ್ರ ಹೇಳಿಬಿಡುತ್ತೇನೆ. ಆರಿಸಿದ ಉತ್ತರ ನೋಡಿ ಬೇರೆ ಬೇರೆ ವಿಭಾಗಕ್ಕೆ ಕಳಿಸುವ ಸೌಲಭ್ಯ ಇದರಲ್ಲಿದೆ, ಧನ ತುದಿ ಅಂದವರನ್ನು ಒಂದು ಚಿಕ್ಕ ವಿವರಣೆಗೆ ಕಳಿಸಿ ಅಲ್ಲಿಂದ ಇನ್ನೊಂದು ಅದೇ ಥರದ ಪ್ರಶ್ನೆ ಕೇಳಬಹುದು. ಹೊಂದಿಸೋಕೆ ತಾಳ್ಮೆ ಬೇಕು. ಮತ್ತೆ, ಯಾವ ಆ್ಯಪ್ ಆದರೂ ಸರಿ, "ನುಡಿ" ಅಥವಾ "ಬರಹ" ತಂತ್ರಾಂಶದ ಹಳೆಯ ಫಾಂಟಲ್ಲಿ ಇರುವ ಪ್ರಶ್ನೆಪತ್ರಿಕೆಯನ್ನು ಹಾಗೇ ಅಂಟಿಸಿದರೆ ಅರ್ಥವಿಲ್ಲದ ಗುರುತುಗಳು ಬರುತ್ತವೆ. ಮೊದಲು ಎಲ್ಲ ಕಡೆ ಸರಿಯಾಗಿ ಕಾಣುವ ಯುನಿಕೋಡ್ ಅಕ್ಷರಕ್ಕೆ ಬದಲಾಯಿಸಿಕೊಳ್ಳಿ. ಸರ್ಕಾರಿ ಶಾಲೆಗಳಲ್ಲಿ ತುಂಬ ಜನ ಇಲ್ಲೇ ಕೈಬಿಡುತ್ತಾರೆ.

ಈಗ ಪ್ಲಿಕರ್ಸ್. ನಾನು ದಿನಾ ಬಳಸುವುದು ಇದನ್ನೇ, ಹಾಗಾಗಿ ಪಕ್ಷಪಾತ ಅಂದುಕೊಂಡೇ ಓದಿ.

ಇದರಲ್ಲಿ ಮಕ್ಕಳಿಗೆ ಪರದೆಯೇ ಬೇಡ. ಪ್ರತಿ ಮಗುವಿಗೂ ಒಂದು ಕಾಗದದ ಕಾರ್ಡ್, ಮೇಲೆ ಕಪ್ಪು ಬಿಳುಪಿನ ಒಂದು ಚೌಕ ವಿನ್ಯಾಸ, ಒಬ್ಬರದ್ದು ಇನ್ನೊಬ್ಬರ ಥರ ಇರುವುದಿಲ್ಲ. ನಾಲ್ಕು ಬದಿಗೆ ಎ, ಬಿ, ಸಿ, ಡಿ ಅಂತ ತೀರಾ ಚಿಕ್ಕ ಅಕ್ಷರ. ತನ್ನ ಉತ್ತರದ ಬದಿ ಮೇಲೆ ಬರುವಂತೆ ಕಾರ್ಡ್ ತಿರುಗಿಸಿ ಹಿಡಿದರೆ ಆಯ್ತು. ನಾನು ಫೋನಿನ ಕ್ಯಾಮೆರಾವನ್ನು ತರಗತಿಯ ಮೇಲೆ ನಿಧಾನಕ್ಕೆ ಆಡಿಸುತ್ತೇನೆ. ಯಾರು ಸರಿ, ಯಾರು ತಪ್ಪು ಅಂತ ಹೆಸರಿನ ಸಮೇತ ನನಗೆ ಮಾತ್ರ ಕಾಣುತ್ತದೆ. ಗೋಡೆಯ ಪರದೆಯಲ್ಲಿ ಯಾರು ಉತ್ತರಿಸಿದ್ದಾರೆ ಅನ್ನುವುದಷ್ಟೇ. ಅಕ್ಷರ ಚಿಕ್ಕದು, ವಿನ್ಯಾಸ ಬೇರೆ ಬೇರೆ, ಹಾಗಾಗಿ ಪಕ್ಕದವರದ್ದು ನೋಡಿ ತಿರುಗಿಸೋಕೆ ಆಗಲ್ಲ. ಕೈ ಎತ್ತಲು ನಾಚುವ ಕೊನೆಯ ಬೆಂಚಿನ ಹುಡುಗಿಯರು ಕೂಡ ಪ್ರತಿ ಪ್ರಶ್ನೆಗೂ ಉತ್ತರ ಕೊಡುತ್ತಾರೆ. ನನಗೆ ಇದೊಂದೇ ಸಾಕು.

ಬಲ್ಬಿನ ಪ್ರಶ್ನೆಗೆ ಬರೋಣ. ಮೊದಲ ಸುತ್ತಿನಲ್ಲಿ ಧನ ತುದಿಯ ಉತ್ತರವೇ ಜಾಸ್ತಿ ಬಂತು. ನಾನು ಸರಿ ಉತ್ತರ ಹೇಳಲಿಲ್ಲ. ಪಕ್ಕದವರಿಗೆ ನಿಮ್ಮ ಕಾರಣ ಹೇಳಿ ಅಂದೆ, ಆಮೇಲೆ ಮತ್ತೆ ಕಾರ್ಡ್ ಎತ್ತಿಸಿದೆ. ಇದು ನನ್ನ ಉಪಾಯವಲ್ಲ, ಹಾರ್ವರ್ಡಿನ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಮೊದಲಲ್ಲೇ ತಮ್ಮ ತರಗತಿಯಲ್ಲಿ ಶುರು ಮಾಡಿದ ಕ್ರಮ. ಎರಡನೇ ಸುತ್ತಿನಲ್ಲಿ ಉತ್ತರ "ಎರಡೂ ಸಮ"ದ ಕಡೆಗೆ ಸಾಕಷ್ಟು ವಾಲಿತ್ತು. ಆಮೇಲೆ ಫೆಟ್ ಅನ್ನುವ ತಾಣದ, ಪರದೆಯ ಮೇಲೇ ಮಂಡಲ ಕಟ್ಟಿ ನೋಡುವ ಸಿಮ್ಯುಲೇಶನ್ ತೆರೆದು ತೋರಿಸಿದೆ. ಇದು ಅಮೆರಿಕದ ಕೊಲೊರಾಡೋ ವಿಶ್ವವಿದ್ಯಾಲಯದ್ದು, ಬೌಲ್ಡರ್ ಊರಿನದು, ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು, ಪೂರ್ತಿ ಉಚಿತ, ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಎರಡೂ ಬಲ್ಬ್ ಸಮ ಬೆಳಗಿದವು.

ಒಬ್ಬ ಹುಡುಗ ಒಪ್ಪಲಿಲ್ಲ. "ಕಂಪ್ಯೂಟರಲ್ಲಿ ಏನು ಬೇಕಾದ್ರೂ ತೋರಿಸಬಹುದು ಮಿಸ್." ಒಳ್ಳೆಯ ಮಾತು, ಅಲ್ವಾ? ಟಾರ್ಚ್ ಬಲ್ಬ್ ತಂದು ನಿಜವಾಗಿ ಜೋಡಿಸಿದರೆ ಒಂದು ಸ್ವಲ್ಪ ಜಾಸ್ತಿಯೇ ಬೆಳಗಿತು! ಅಂಗಡಿಯ ಎರಡು ಬಲ್ಬ್‌ಗಳ ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, ಎಂದೂ ಪೂರ್ತಿ ಒಂದೇ ಇರುವುದಿಲ್ಲ. ಎರಡರ ಜಾಗ ಅದಲುಬದಲು ಮಾಡಿಸಿದೆ. ಜಾಸ್ತಿ ಬೆಳಗಿದ ಬಲ್ಬ್ ಈಗ ಎರಡನೇ ಜಾಗದಲ್ಲಿದ್ದರೂ ಅದೇ ಜಾಸ್ತಿ. ಅಂದರೆ ಜಾಗದ್ದಲ್ಲ, ಬಲ್ಬಿನದ್ದೇ ವ್ಯತ್ಯಾಸ. ಆ ಪೀರಿಯಡ್ಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಆ ಟಾರ್ಚ್ ಬಲ್ಬ್, ಯಾವ ಆ್ಯಪೂ ಅಲ್ಲ. ಆದರೆ ಯಾರ ತಲೆಯಲ್ಲಿ ಏನಿದೆ ಅಂತ ಕಾರ್ಡ್ ತೋರಿಸದಿದ್ದರೆ ಬಲ್ಬ್ ತರುವ ಪ್ರಸಂಗವೇ ಬರುತ್ತಿರಲಿಲ್ಲ.

ಪ್ಲಿಕರ್ಸಿನ ತೊಂದರೆಗಳೂ ಇವೆ. ಹೊಳೆಯುವ ಲ್ಯಾಮಿನೇಶನ್ ಮಾಡಿಸಿದರೆ ಬೆಳಕು ಬಿದ್ದು ಕ್ಯಾಮೆರಾಗೆ ವಿನ್ಯಾಸ ಕಾಣುವುದಿಲ್ಲ, ದಪ್ಪ ಕಾಗದದಲ್ಲಿ ಹಾಗೇ ಮುದ್ರಿಸಿ ಅಥವಾ ಹೊಳಪಿಲ್ಲದ ಲ್ಯಾಮಿನೇಶನ್ ಕೇಳಿ. ಮಕ್ಕಳು ಬೆರಳಿಂದ ವಿನ್ಯಾಸ ಮುಚ್ಚುತ್ತಾರೆ. ಹಿಂದೆ ಕಿಟಕಿಯ ಬಿಸಿಲಿದ್ದರೆ ಕಷ್ಟ. ಉತ್ತರ ನಾಲ್ಕು ಆಯ್ಕೆಯೊಳಗೇ ಇರಬೇಕು, ಕಿರಣಚಿತ್ರ ಬರೆಸೋಕೆ, ಸಮೀಕರಣ ಸರಿದೂಗಿಸೋಕೆ ಇದು ಪ್ರಯೋಜನಕ್ಕಿಲ್ಲ, ಅಲ್ಲಿ ಸ್ಲೇಟೇ ರಾಜ. ಉಚಿತ ಖಾತೆಯಲ್ಲಿ ಒಂದು ಸಲಕ್ಕೆ ಹಾಕಬಹುದಾದ ಪ್ರಶ್ನೆ ಕಡಿಮೆ. ನನಗೆ ಒಂದು ಪಾಠಕ್ಕೆ ಎರಡು ಮೂರು ಪ್ರಶ್ನೆ ಸಾಕು, ಹಾಗಾಗಿ ಅಡ್ಡಿಯಾಗಿಲ್ಲ. ಎಲ್ಲ ಆ್ಯಪ್‌ಗಳ ಉಚಿತ ಮಿತಿಯೂ ಆಗಾಗ ಬದಲಾಗುತ್ತದೆ, ಹಿಂದಿನ ದಿನವೇ ತೆರೆದು ನೋಡಿ.

ಕ್ವಿಜಿಜ್‌ನಲ್ಲೂ ಈಗ ಇಂಥದ್ದೇ ಕಾಗದದ ಕಾರ್ಡಿನ ವಿಧಾನ ಇದೆ. ನಿಮ್ಮ ಪ್ರಶ್ನೆಗಳೆಲ್ಲ ಆಗಲೇ ಅಲ್ಲಿದ್ದರೆ ಅದನ್ನೇ ಹಿಡಿಯಿರಿ, ಎರಡು ಕಡೆ ಟೈಪ್ ಮಾಡುವ ಶ್ರಮ ಯಾಕೆ.

ಪ್ರಶ್ನೆಗಳನ್ನು ಎಐ ಕೈಯಲ್ಲಿ ಬರೆಸಬಹುದಲ್ಲ ಅಂತ ತುಂಬ ಜನ ಕೇಳುತ್ತಾರೆ. ಬರೆಸಿದ್ದೇನೆ. ಕನ್ನಡ ಪರವಾಗಿಲ್ಲ, ಸರಿ ಉತ್ತರವೂ ಸಾಮಾನ್ಯವಾಗಿ ಸರಿಯೇ. ತಪ್ಪು ಆಯ್ಕೆಗಳಲ್ಲೇ ಸೋಲುತ್ತದೆ. ನನಗೆ ಸಿಕ್ಕ ತಪ್ಪು ಉತ್ತರಗಳು ಯಾರೂ ಆರಿಸದಂಥವು. ನಮ್ಮ ಮಕ್ಕಳು ನಿಜವಾಗಿ ಎಲ್ಲಿ ಜಾರುತ್ತಾರೆ ಅನ್ನುವುದು ಹಳೆಯ ಉತ್ತರಪತ್ರಿಕೆಗಳಲ್ಲಿದೆ. ನಾನು ಅವನ್ನು ಇಟ್ಟುಕೊಂಡು ತಪ್ಪು ಆಯ್ಕೆ ನಾನೇ ಬರೆಯುತ್ತೇನೆ, ಉಳಿದದ್ದನ್ನು ಅದಕ್ಕೆ ಬಿಡುತ್ತೇನೆ.

ಪ್ರತಿ ಮಗುವಿಗೂ ಟ್ಯಾಬ್ ಇರುವ ಶಾಲೆಯಾದರೆ ನನ್ನ ಆಯ್ಕೆ ಬೇರೆ, ಕ್ವಿಜಿಜ್‌ನ ಶಿಕ್ಷಕರು ನಡೆಸುವ ವಿಧಾನವೇ ಮೊದಲು. ನಮ್ಮಂಥ ತರಗತಿಗೆ ಪ್ಲಿಕರ್ಸ್, ಮನೆಗೆಲಸಕ್ಕೆ ಕ್ವಿಜಿಜ್, ಅಂಕ ಬೇಕಾದಾಗ ಫಾರ್ಮ್ಸ್. ಶುರು ಮಾಡುವವರು ಹಾಜರಿ ಸಂಖ್ಯೆಯನ್ನೇ ಕಾರ್ಡ್ ಸಂಖ್ಯೆಯಾಗಿ ಕೊಡಿ, ಕಾರ್ಡ್‌ಗಳನ್ನು ಮನೆಗೆ ಕಳಿಸಬೇಡಿ, ತರಗತಿಯ ಬೀರುವಿನಲ್ಲೇ ಇಡಿ.