‘ಸರ್ಕಾರಿ ಸ್ಕಿಲ್ ಕೋರ್ಸ್’ ಅಂತ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಮಂಗಳೂರು, ಬಂಟ್ವಾಳ ಕಡೆ ಈ ವರ್ಷ ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಯವರಿಗಾಗಿ ಬರೆಯುತ್ತಿದ್ದೇನೆ. ನನ್ನ ತಮ್ಮನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಕಳೆದ ವರ್ಷ ಪಿಯುಸಿ ಆದ ಮೇಲೆ ಅವನಿಗೆ ಓದು ಸಾಕಾಗಿತ್ತು, ಕೈಕೆಲಸ ಕಲಿಯುವ ಆಸೆ ಇತ್ತು. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಪೋಸ್ಟರ್ ನೋಡಿ ಬಂದ. ಎಸಿ ಟೆಕ್ನಿಷಿಯನ್ ಕೋರ್ಸ್, 3 ತಿಂಗಳು, ಕೇಂದ್ರ ಸರ್ಕಾರದ ಸರ್ಟಿಫಿಕೇಟ್, ಕೆಲಸ ಗ್ಯಾರಂಟಿ. ಹಂಪನಕಟ್ಟೆಯ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಆಫೀಸು. ನಾನೂ ಜೊತೆಗೆ ಹೋಗಿದ್ದೆ. ಗೋಡೆಯಲ್ಲಿ ಸ್ಕಿಲ್ ಇಂಡಿಯಾ ಬ್ಯಾನರ್ ಇತ್ತು, ಅದನ್ನು ನೋಡಿಯೇ ನಂಬಿಬಿಟ್ಟೆವು. 18,000 ರೂಪಾಯಿ ಕೇಳಿದರು. “ಇದು ಫೀಸಲ್ಲ ಅಕ್ಕ, ಡೆಪಾಸಿಟ್. ಕೋರ್ಸ್ ಮುಗಿದ ಕೂಡ್ಲೆ ವಾಪಸ್.” ಅಮ್ಮ ಬೀಡಿ ಕಟ್ಟುವವರು. ಸಂಘದಲ್ಲಿ ಸಾಲ ತೆಗೆದು ಕೊಟ್ಟರು. ರಶೀದಿ ಅಂತ ಸಿಕ್ಕಿದ್ದು ಸೀಲಿಲ್ಲದ ಒಂದು ಚೀಟಿ. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡರ ಒರಿಜಿನಲ್ ಮಾರ್ಕ್ಸ್ ಕಾರ್ಡನ್ನೂ ವೆರಿಫಿಕೇಶನ್ನಿಗೆ ಬೇಕು ಅಂತ ಇಟ್ಟುಕೊಂಡರು.

ಇಪ್ಪತ್ತೈದು ಮೂವತ್ತು ಹುಡುಗರಿಗೆ ಕಲಿಯಲು ಇದ್ದದ್ದು ಕಂಪ್ರೆಸರ್ ತೆಗೆದ ಒಂದು ಹಳೆಯ ಔಟ್‌ಡೋರ್ ಯೂನಿಟ್. ಉಳಿದದ್ದೆಲ್ಲ ಮೊಬೈಲಿನಲ್ಲಿ ವಿಡಿಯೋ. ಮೂರು ತಿಂಗಳ ಮೇಲೆ ಲ್ಯಾಮಿನೇಟ್ ಮಾಡಿದ ಸರ್ಟಿಫಿಕೇಟ್ ಕೈಗೆ ಬಂತು. ಕೆಲಸದ ಸುದ್ದಿಯೇ ಇಲ್ಲ.

ಕೊನೆಗೆ ಕಂಕನಾಡಿಯ ಒಂದು ಎಸಿ ರಿಪೇರಿ ಅಂಗಡಿಗೆ ಅವನೇ ಹೋದ. ಅಂಗಡಿಯವರು ಸರ್ಟಿಫಿಕೇಟನ್ನು ನೋಡಲೇ ಇಲ್ಲ, ಒಂದು ತುಂಡು ತಾಮ್ರದ ಪೈಪು ಕೊಟ್ಟು ಫ್ಲೇರಿಂಗ್ ಮಾಡು ಅಂದರು. ಇವನು ಪೈಪನ್ನು ಟೂಲಿಗೆ ಸಿಕ್ಕಿಸಿ, ತಿರುಗಿಸಿ, ಬಾಯಿ ಅಗಲ ಮಾಡಿದ. “ನಟ್ಟು ಎಲ್ಲಿ ಮಾರಾಯ? ಮೊದ್ಲೇ ಹಾಕ್ಲಿಲ್ವ? ಇನ್ನು ಅದು ಒಳಗೆ ಹೋಗ್ತದಾ?” ಅಂದರಂತೆ. ನಟ್ಟನ್ನು ಪೈಪಿಗೆ ಮೊದಲು ತೂರಿಸಬೇಕು, ಆಮೇಲೆ ಫ್ಲೇರ್ ಮಾಡಬೇಕು. ಈ ಕೆಲಸದಲ್ಲಿ ಮೊದಲ ವಾರ ಕಲಿಯುವ ಸಂಗತಿ ಅದು. ಆ ಬಾಯಿ ಅಗಲವಾದ ಪೈಪಿನ ತುಂಡನ್ನು ಜೇಬಿನಲ್ಲಿ ಹಾಕಿಕೊಂಡು ಮನೆಗೆ ಬಂದಿದ್ದ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆಮೇಲೆ ನಾನು ವಿಚಾರಿಸಲು ಕೂತೆ. ಮೊದಲೇ ಮಾಡಬೇಕಿತ್ತು. 2015ರ ಜುಲೈ 15ರಂದು ಶುರುವಾದ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯಲ್ಲಿ ಕಲಿಯುವವರು ಫೀಸು ಕೊಡಲಿಕ್ಕೇ ಇಲ್ಲ, ತರಬೇತಿ ಕೊಡುವ ಸಂಸ್ಥೆಗೆ ಸರ್ಕಾರವೇ ದುಡ್ಡು ಕೊಡುತ್ತದೆ. ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್ ಅನ್ನುವ ಸರ್ಕಾರದ ವೆಬ್‌ಸೈಟಿನಲ್ಲಿ ಕೇಂದ್ರಗಳನ್ನು ಹುಡುಕಬಹುದು. ನಾವು ದುಡ್ಡು ಕಟ್ಟಿದ ಜಾಗ ಅದರಲ್ಲಿ ಸಿಗಲೇ ಇಲ್ಲ. ಸರಿಯಾದ ಸರ್ಟಿಫಿಕೇಟಿನಲ್ಲಿ ಎನ್‌ಎಸ್‌ಕ್ಯುಎಫ್ ಲೆವೆಲ್, ಅಂದರೆ ಸರ್ಕಾರದ ಅಳತೆಯಲ್ಲಿ ಕೌಶಲ್ಯದ ಮಟ್ಟ, ಎಷ್ಟು ಅಂತ ಇರುತ್ತದೆ. ತಮ್ಮನದ್ದರಲ್ಲಿ ಅದೂ ಇಲ್ಲ, ‘ಗವರ್ನಮೆಂಟ್’ ಸ್ಪೆಲ್ಲಿಂಗೂ ತಪ್ಪು.

ನಮ್ಮ ಜಿಲ್ಲೆಯವರೇ ಹೀಗೆ ಮೋಸ ಹೋಗುವುದು ನೋಡಿ ಹೊಟ್ಟೆ ಉರಿಯುತ್ತದೆ. 1982ರಲ್ಲೇ ಉಜಿರೆಯಲ್ಲಿ ರುಡ್‌ಸೆಟ್ ಅನ್ನುವ ಸ್ವ ಉದ್ಯೋಗ ತರಬೇತಿ ಸಂಸ್ಥೆ ಶುರುವಾಗಿ, ಊಟ ವಸತಿ ಸಹಿತ ಉಚಿತವಾಗಿ ಕಲಿಸುತ್ತಾ ಬಂದಿದೆ. ಇಡೀ ದೇಶದ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಕೇಂದ್ರಗಳಿಗೆ ಅದೇ ಮಾದರಿ. ಉಡುಪಿ ಕಡೆಯವರಿಗೆ ಬ್ರಹ್ಮಾವರದಲ್ಲೂ ಇದೆ. ಕದ್ರಿಯಲ್ಲಿ ಸರ್ಕಾರಿ ಐಟಿಐ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಕಂಪನಿಗೆ ಅಪ್ರೆಂಟಿಸ್ ಆಗಿ ಸೇರಿದರೆ ಅವರೇ ಸ್ಟೈಪೆಂಡ್ ಕೊಡಬೇಕು.

ನಮಗೆ ದುಡ್ಡಿಗಿಂತ ದೊಡ್ಡ ನಷ್ಟ ಆದದ್ದು ಮಾರ್ಕ್ಸ್ ಕಾರ್ಡಿನಿಂದ. ಅದು ಅವರ ಬೀರುವಿನಲ್ಲಿ ಇದ್ದಾಗಲೇ ಐಟಿಐ ಅರ್ಜಿಯ ದಿನ ಮುಗಿದುಹೋಯಿತು. ಪೊಲೀಸ್ ಕಂಪ್ಲೇಂಟ್ ಕೊಡುತ್ತೇವೆ ಅಂದ ಮೇಲೆ ಕಾರ್ಡ್ ಕೊಟ್ಟರು, ಡೆಪಾಸಿಟ್ ಕೊಡಲಿಲ್ಲ. ಈಗ ಆಫೀಸಿಗೆ ಬೀಗ ಬಿದ್ದಿದೆ. ಪೋಸ್ಟರ್‌ನಲ್ಲಿದ್ದ ನಂಬರ್ ಸ್ವಿಚ್ ಆಫ್. ಸಂಘದ ಕಂತು ಮಾತ್ರ ವಾರ ವಾರ ಕಟ್ಟುತ್ತಿದ್ದೇವೆ.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ, ಸ್ಟೇಷನ್ನಿಗೂ ಕೊಟ್ಟಿದ್ದೇನೆ. ಆ ಬ್ಯಾಚಿನ ಹುಡುಗರು ಅಥವಾ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಆ ಸೀಲಿಲ್ಲದ ಚೀಟಿಯನ್ನು ದಯವಿಟ್ಟು ಎಸೆಯಬೇಡಿ, ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್ ಡಿಲೀಟ್ ಮಾಡಬೇಡಿ. ನೀವೂ ದೂರು ಕೊಡಿ.