ಡಿಟಾಕ್ಸ್ ಟೀ: ಬೆಳಗಿನ ಪೊಟ್ಟಣ ಪರವಾಗಿಲ್ಲ, ರಾತ್ರಿಯದು ಬೇಡ

ಮೈಯೊಳಗಿನ ವಿಷ ಹೊರಹಾಕುತ್ತದೆ, ತೂಕ ಇಳಿಸುತ್ತದೆ ಅಂತ ಫೋನ್ ತೆರೆದರೆ ಜಾಹೀರಾತು ಬರುವ ಡಿಟಾಕ್ಸ್ ಟೀಗಳಲ್ಲಿ ಒಂದನ್ನು ಯುಗಾದಿಯಿಂದ ದಸರಾವರೆಗೆ, ನಡುನಡುವೆ ಬಿಟ್ಟು ಬಿಟ್ಟು, ಕುಡಿದಿದ್ದೇನೆ. ಐದು ಸ್ಟಾರ್ ಕೊಟ್ಟವರಲ್ಲಿ ಹೆಚ್ಚಿನವರು ಮೊದಲ ವಾರದಲ್ಲೇ ಬರೆದಿರುತ್ತಾರೆ. ಆಮೇಲೇನಾಗುತ್ತದೆ ಅನ್ನುವುದೂ ಕೊಳ್ಳುವವರಿಗೆ ಗೊತ್ತಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಡಬ್ಬಿಯಲ್ಲಿ ಎರಡು ಬಗೆಯ ಪೊಟ್ಟಣ. ಬೆಳಗಿನದು ಗ್ರೀನ್ ಟೀ, ಶುಂಠಿ, ಮಜ್ಜಿಗೆ ಹುಲ್ಲು. ರುಚಿ ಚೆನ್ನಾಗಿದೆ, ಅಷ್ಟೇ. ರಾತ್ರಿಯದರಲ್ಲಿ ಸೋಂಪು, ಜ್ಯೇಷ್ಠಮಧು, ಜೊತೆಗೆ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಸೋನಾಮುಖಿ ಎಲೆ. ನಾವು 'ಪರಿಣಾಮ' ಅಂತ ಅಂದುಕೊಳ್ಳುವುದೆಲ್ಲ ಈ ಎಲೆಯದು. ಗ್ರಂಧಿಗೆ ಅಂಗಡಿಯಲ್ಲಿ ಮಲಬದ್ಧತೆಗೆ ಅಂತ ಕೊಡುವ ಅದೇ ಎಲೆ. ಅದು ದೊಡ್ಡ ಕರುಳನ್ನು ಕೆರಳಿಸಿ, ನೀರು ಹೀರಿಕೊಳ್ಳದಂತೆ ತಡೆದು, 6ರಿಂದ 12 ಗಂಟೆಯೊಳಗೆ ಹೊಟ್ಟೆ ಖಾಲಿ ಮಾಡಿಸುತ್ತದೆ. ಮಲಗುವಾಗ ಕುಡಿಯಿರಿ ಅನ್ನುವುದು ಅದಕ್ಕೇ.

ಬೆಳಗಿನ ಜಾವ ಹೊಕ್ಕುಳ ಸುತ್ತ ಹಿಡಿದು ನುಲಿಯುತ್ತಿತ್ತು. ಒಂದೆರಡು ಸಲ ಹೋಗಿ ಬಂದರೆ ಹೊಟ್ಟೆ ಹಗುರ, ಸೀರೆ ನೆರಿಗೆ ನೆಟ್ಟಗೆ ಕೂರುತ್ತಿತ್ತು. ತೂಕದ ಮಷಿನ್ ಮೇಲೆ ಸುಮಾರು ಒಂದು ಕೆಜಿ ಕಡಿಮೆ. ಎರಡು ದಿನ ಟೀ ಬಿಟ್ಟು ಮಾಮೂಲಿ ಊಟ ಮಾಡಿದರೆ ಆ ಕೆಜಿ ವಾಪಸ್. ಪ್ರತಿ ಸಲವೂ ಇದೇ. ಹೋಗಿದ್ದು ನೀರು ಮತ್ತು ಮಲ, ಕೊಬ್ಬಲ್ಲ. ತಿಂದದ್ದರ ಕ್ಯಾಲೊರಿಯನ್ನು ಸಣ್ಣ ಕರುಳು ಅಷ್ಟರೊಳಗೆ ಹೀರಿಕೊಂಡು ಮುಗಿಸಿರುತ್ತದೆ.

ಕಸ್ಟಮರ್ ಕೇರ್‌ಗೆ ಎರಡು ಪ್ರಶ್ನೆ ಕಳಿಸಿದ್ದೆ. ಯಾವ ವಿಷ ಹೊರಗೆ ಹೋಗುತ್ತದೆ, ಪೊಟ್ಟಣವೊಂದರಲ್ಲಿ ಸೋನಾಮುಖಿ ಎಷ್ಟು ಮಿಲಿಗ್ರಾಂ ಇದೆ? ಮೊದಲನೆಯದಕ್ಕೆ 'ಶೇಖರವಾದ ಕಲ್ಮಶಗಳು' ಅಂತ ಉತ್ತರ ಬಂತು, ಎರಡನೆಯದಕ್ಕೆ ಬರಲೇ ಇಲ್ಲ. ಬ್ರಿಟನ್ನಿನ ಯುವ ವಿಜ್ಞಾನಿಗಳ ಗುಂಪೊಂದು 2009ರಲ್ಲಿ 'ಡಿಟಾಕ್ಸ್' ಅಂತ ಮಾರುವ 15 ಉತ್ಪನ್ನಗಳನ್ನು ಪರಿಶೀಲಿಸಿದಾಗಲೂ ಡಿಟಾಕ್ಸ್ ಅಂದರೇನು ಅನ್ನುವುದಕ್ಕೆ ಎರಡು ಕಂಪನಿಗಳು ಒಂದೇ ಉತ್ತರ ಕೊಟ್ಟಿರಲಿಲ್ಲ. ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅಮೋನಿಯಾವನ್ನು ಯಕೃತ್ತು ಯೂರಿಯಾ ಮಾಡಿ ಕಳಿಸುತ್ತದೆ. ಇವು ಕೆಟ್ಟಿದ್ದರೆ ಬೇಕಾದ್ದು ಆಸ್ಪತ್ರೆ, ಟೀ ಅಲ್ಲ.

ಎರಡನೇ ಡಬ್ಬಿಯ ಜೊತೆ, ರಾತ್ರಿ ಅಂಗಾಲಿಗೆ ಅಂಟಿಸಿಕೊಂಡರೆ ವಿಷ ಹೀರುತ್ತದೆ ಅನ್ನುವ ಪ್ಯಾಡ್ ಉಚಿತವಾಗಿ ಬಂದಿತ್ತು. ಬೆಳಿಗ್ಗೆ ಕಿತ್ತರೆ ಕಂದುಗಪ್ಪು, ಹೊಗೆಯ ಹುಳಿ ವಾಸನೆ. ಬಳಸದ ಒಂದು ಪ್ಯಾಡನ್ನು ಕುದಿಯುವ ನೀರಿನ ಹಬೆಗೆ ಹಿಡಿದೆ. ಅದೂ ಅದೇ ಬಣ್ಣಕ್ಕೆ ತಿರುಗಿತು. ಒಳಗಿನ ಪುಡಿ ತೇವ ತಗುಲಿದರೆ ಕಪ್ಪಾಗುತ್ತದೆ, ಕಾಲಿನ ಬೆವರು ಸಾಕು. ಕಿನೋಕಿ ಅನ್ನುವ ಇಂಥದೇ ಪ್ಯಾಡ್ ಮಾರುತ್ತಿದ್ದವರ ಮೇಲೆ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲೇ ಮೊಕದ್ದಮೆ ಹೂಡಿತ್ತು.

ಇಷ್ಟೇ ಆಗಿದ್ದರೆ ದುಡ್ಡು ದಂಡ ಅಂತ ಬಿಟ್ಟುಬಿಡಬಹುದಿತ್ತು. ಆದರೆ ನಮ್ಮತ್ತೆ 'ನನಗೂ ಒಂದು ಲೋಟ ಕೊಡಮ್ಮ' ಅಂದಾಗ ನನಗೆ ಭಯವಾಯಿತು. ಅವರು ಬಿಪಿಗೆ ನೀರು ಇಳಿಸುವ ಮಾತ್ರೆ ತಗೊಳ್ಳುತ್ತಾರೆ. ಅಂಥ ಮಾತ್ರೆಗಳಲ್ಲಿ ಹಲವು ರಕ್ತದ ಪೊಟ್ಯಾಸಿಯಂ ಕಡಿಮೆ ಮಾಡುತ್ತವೆ. ಪದೇ ಪದೇ ಬೇಧಿಯಾದರೂ ಅದು ಇಳಿಯುತ್ತದೆ, ಜ್ಯೇಷ್ಠಮಧು ಜಾಸ್ತಿಯಾದರೂ ಇಳಿಯುತ್ತದೆ, ಸಾಲದ್ದಕ್ಕೆ ಜ್ಯೇಷ್ಠಮಧು ಬಿಪಿಯನ್ನೂ ಏರಿಸುತ್ತದೆ. ಪೊಟ್ಯಾಸಿಯಂ ತೀರಾ ಕುಸಿದರೆ ಹೃದಯದ ಬಡಿತವೇ ತಪ್ಪುತ್ತದೆ. ಸೋನಾಮುಖಿಯನ್ನು ವೈದ್ಯರನ್ನು ಕೇಳದೆ ವಾರಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಅನ್ನುತ್ತಾರೆ. ಈ ಡಬ್ಬಿ ಬರುವುದೇ ಇಪ್ಪತ್ತೆಂಟು ದಿನದ ಕೋರ್ಸ್ ಅಂತ. ಎಚ್ಚರಿಕೆಯ ಸಾಲು ಒಂದೂ ಇಲ್ಲ. ನನಗೆ ತುಂಬ ಸಿಟ್ಟು ತರಿಸಿದ್ದು ಇದೇ.

ಮಲಬದ್ಧತೆ ಇದ್ದರೆ ಸೋನಾಮುಖಿ ಮಾತ್ರೆ ಮೆಡಿಕಲ್ ಶಾಪಿನಲ್ಲಿ ಇದಕ್ಕಿಂತ ತೀರಾ ಅಗ್ಗ, ಪ್ರಮಾಣವನ್ನೂ ಸ್ಟ್ರಿಪ್ ಮೇಲೆ ಬರೆದಿರುತ್ತಾರೆ. ಬಿಪಿ, ಹೃದಯ, ಕಿಡ್ನಿಯ ಮಾತ್ರೆ ತಗೊಳ್ಳುವವರು, ಬಸುರಿಯರು ಅದನ್ನೂ ಡಾಕ್ಟರನ್ನು ಕೇಳಿಯೇ ತಗೊಳ್ಳಿ. ಮನೆಗೆ ಇಂಥ ಡಬ್ಬಿ ಈಗಾಗಲೇ ಬಂದಿದ್ದರೆ ರಾತ್ರಿಯ ಪೊಟ್ಟಣಗಳನ್ನು ಹಿರಿಯರ, ಮಕ್ಕಳ ಕೈಗೆ ಸಿಗದ ಹಾಗೆ ತೆಗೆದುಹಾಕಿ. ಒಂದು ಸ್ಟಾರ್ ಕೊಡುತ್ತಿದ್ದೇನೆ, ಅದು ಬೆಳಗಿನ ಟೀಗೆ.