ಗೋಡೆಯ ಆವರ್ತ ಕೋಷ್ಟಕ: ಅಕ್ಷರ ಸ್ಫುಟ, ಬಣ್ಣ ತಪ್ಪು

ಶಿವಮೊಗ್ಗದ ಸ್ಟೇಷನರಿ ಅಂಗಡಿಯಲ್ಲಿ ಕೊಂಡ ಈ ಲ್ಯಾಮಿನೇಟೆಡ್ ಚಾರ್ಟಿನ ಕನ್ನಡ ಅಕ್ಷರ ಹಿಂದಿನ ಬೆಂಚಿಗೂ ಕಾಣುತ್ತದೆ. ತಕರಾರು 'ಮಾನವನಿರ್ಮಿತ' ಎಂಬ ಕೆಂಪು ಬಣ್ಣದ್ದು. ಪರಮಾಣು ಸಂಖ್ಯೆ 43, 61, 93, 94ರ ಧಾತುಗಳೆಲ್ಲಕ್ಕೂ ಅದನ್ನೇ ಬಳಿದಿದ್ದಾರೆ. 43ನೆಯ ಟೆಕ್ನೀಷಿಯಂ ಮೊದಲು ಸಿಕ್ಕಿದ್ದು 1937ರಲ್ಲಿ, ಸೈಕ್ಲೋಟ್ರಾನ್ ಎಂಬ ಕಣ ವೇಗವರ್ಧಕ ಯಂತ್ರದೊಳಗೆ ಕಣಗಳ ಹೊಡೆತ ತಿಂದ ಮಾಲಿಬ್ಡಿನಂ ತಗಡಿನಲ್ಲಿ, ನಿಜ. ಆದರೆ ಯುರೇನಿಯಂ ಅದಿರಿನಲ್ಲಿ ಪರಮಾಣು ತಾನಾಗಿ ಸೀಳಿದಾಗಲೂ ಅದು ಹುಟ್ಟುತ್ತದೆ, 61ನೆಯ ಪ್ರೊಮೀಥಿಯಂ ಕೂಡ. ಅಲ್ಲೇ ಯುರೇನಿಯಂ-238 ಒಂದು ನ್ಯೂಟ್ರಾನ್ ನುಂಗಿ, ಎರಡು ಬೀಟಾ ಕ್ಷಯ (ನ್ಯೂಟ್ರಾನ್ ಒಂದು ಪ್ರೋಟಾನ್ ಆಗುವ ಬದಲಾವಣೆ) ದಾಟಿ, ನಡುವೆ 93ನೆಯ ನೆಪ್ಚೂನಿಯಂ ಆಗಿ, ಕೊನೆಗೆ 94ನೆಯ ಪ್ಲುಟೋನಿಯಂ-239 ಆಗುತ್ತದೆ. ಪ್ರಮಾಣ ಅತ್ಯಲ್ಪ, ಅಷ್ಟೇ. ಆ ನಾಲ್ಕು ಮನೆಗಳಿಗೆ ಅರ್ಧ ಹಸಿರು ಸ್ಟಿಕ್ಕರ್ ಅಂಟಿಸಿ, 'ಅದಿರಿನಲ್ಲಿ ಲೇಶಮಾತ್ರ' ಎಂದು ಬರೆಯಿರಿ.

ಪ್ಲಾಸ್ಟಿಕ್ ಅಂಚು ಕಾಗದದಿಂದ ಅರ್ಧ ಸೆಂ.ಮೀ. ಆಚೆ ಚಾಚಿರದಿದ್ದರೆ ಆಗುಂಬೆ ಕಡೆಯ ಶಾಲೆಗೆ ಕೊಳ್ಳಬೇಡಿ. ಮಳೆಗಾಲದ ಥಂಡಿ ಒಳಹೊಕ್ಕು ಬೂಷ್ಟು ಹಿಡಿಯುತ್ತದೆ.